ಕೆಂಪು ಮೂವತ್ತೊಂದು

"ಇಪ್ಪತ್ತೆರಡು ವರ್ಷ ಬೀದಿ ಪೊಲೀಸ್ ಆಗಿದ್ಯಲ್ಲ ದೆಲ್ಫೀನಾ, ಡ್ಯೂಟಿಗೆ ಹೋಗುವಾಗ ಕಣ್ಣನ್ನ ಮನೇಲೇ ಬಿಟ್ಟು ಹೋಗ್ತಿದ್ಯಾ?"

ತುಲ್ಲಿಯೊ ಭೂತಗನ್ನಡಿಯನ್ನು ನನ್ನ ಮೂಗಿನ ಕೆಳಗೆ ಹಿಡಿದು ಕೇಳಿದ. ಅವನು ಈ ಧಾಟಿಯಲ್ಲಿ ಮಾತಾಡಿದರೆ ಏನೋ ಸಿಕ್ಕಿದೆ ಎಂದೇ ಅರ್ಥ.

"ನಿನ್ನ ಹರಟೆ ಆಮೇಲೆ. ಏನು ಕಾಣಿಸ್ತು, ಅದನ್ನ ಹೇಳು."

"ಹೇಳಲ್ಲ. ನೀನೇ ನೋಡು."

ಅವನ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಮೇಜಿನ ಮೇಲೆ ಹನ್ನೆರಡು ಕಪ್ಪು-ಬಿಳುಪು ಚಿತ್ರಗಳು ಸಾಲಾಗಿದ್ದವು. ಇವತ್ತಿಗೆ ಸರಿಯಾಗಿ ಒಂದು ವಾರದ ಹಿಂದೆ, ಗುರುವಾರ, ನಮ್ಮ ಓಣಿಯ ಮೂಲೆಯ ಗೂಡಿನಿಂದ ಮರದ ಮರಿಯಮ್ಮನ ಮೂರ್ತಿ ಮಾಯವಾಗಿ, ಅದೇ ಜಾಗದಲ್ಲಿ ಯಾರೋ ಒಂದು ಹಳೇ ಕ್ಯಾಮೆರಾ ಇಟ್ಟು ಹೋಗಿದ್ದರಲ್ಲ, ಅದರ ಹೊಟ್ಟೆಯಲ್ಲಿದ್ದ ಚಿತ್ರಗಳು ಇವು.

ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು. ಆರಕ್ಕೆ ಚರ್ಚಿನ ಪಕ್ಕದ ಕೋಣೆಯಲ್ಲಿ ಓಣಿಯವರ ಸಭೆ. ಅಷ್ಟರೊಳಗೆ ನಾನು ಕಳ್ಳನನ್ನು ತಂದು ನಿಲ್ಲಿಸದಿದ್ದರೆ ನೀವೆಸ್ ಕೈಯಿಂದ ಗೂಡಿನ ದೀಪ ಹೋಗುತ್ತದೆ.

ನೀವೆಸ್ ನನ್ನ ಮೇಲಿನ ಮನೆಯವಳು, ದರ್ಜಿ ಕೆಲಸದವಳು. ಮದುವೆಗೆ ಮೂರು ವಾರ ಇರುವಾಗ ಅವಳ ಹುಡುಗ ಹಡಗು ಹತ್ತಿ ಅರ್ಜೆಂಟೀನಾಕ್ಕೆ ಹೋದ, ಮತ್ತೆ ಕಾಗದವಿಲ್ಲ, ಸುದ್ದಿಯಿಲ್ಲ. ಅಂದಿನಿಂದ ನಲವತ್ತೊಂದು ವರ್ಷ, ಒಂದು ಸಂಜೆಯೂ ತಪ್ಪದೆ ಅವಳು ಆ ಗೂಡಿನ ಎಣ್ಣೆದೀಪ ಹಚ್ಚಿದ್ದಾಳೆ. ಜ್ವರ ಬಂದಾಗಲೂ ಶಾಲು ಹೊದ್ದು ಇಳಿದು ಬಂದದ್ದನ್ನು ನಾನೇ ನೋಡಿದ್ದೇನೆ. ಅವಳಿಗೆ ಬದುಕಿನಲ್ಲಿ ತನ್ನದು ಅಂತ ಇರುವುದು ಅದೊಂದೇ.

ಈಗ ಅವಳೇ ಮೂರ್ತಿಯನ್ನು ಹಳೇ ಸಾಮಾನಿನ ವ್ಯಾಪಾರಿಗೆ ಮಾರಿದಳು ಎನ್ನುತ್ತಾರೆ. ಈ ಮಾತು ಹುಟ್ಟಿಸಿದವಳು ಬೇಕರಿಯ ಇನೆಸ್. ಎಣ್ಣೆ ಹೊಗೆಗೆ ಗೋಡೆ ಕಪ್ಪಾಗುತ್ತದೆ, ಕರೆಂಟ್ ಬಲ್ಬು ಹಾಕಿಸಿ ಎಂದು ಹತ್ತು ವರ್ಷದಿಂದ ಗೊಣಗುತ್ತಿರುವವಳು. ಗೊಣಗುವುದು ನಮ್ಮ ಜೆನೊವಾದವರ ಹುಟ್ಟುಗುಣ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಗುರುವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಎಲ್ಲಿಗೆ ಹೋಗಿದ್ದೆ ಎಂದು ಪಾದ್ರಿ ಕೇಳಿದರೂ ನೀವೆಸ್ ಬಾಯಿ ಬಿಡಲಿಲ್ಲ. ನಾನು ಕೇಳಿದೆ, ನನಗೂ ಹೇಳಲಿಲ್ಲ. ಅಲ್ಲಿಗೆ ಓಣಿಯವರ ತೀರ್ಪು ಮುಗಿದಂತಾಗಿತ್ತು.

ನಾನು ಭೂತಗನ್ನಡಿಯನ್ನು ಮೊದಲನೇ ಚಿತ್ರದ ಮೇಲೆ ಇಟ್ಟೆ. ಅಮೃತಶಿಲೆಯ ಬಾಗಿಲ ಚೌಕಟ್ಟಿನ ಒಂದು ಅಂಚು, ಅದರ ಪಕ್ಕ 31 ಎಂಬ ಅಂಕಿ, ಮೇಲೆ ಓಣಿಯ ಹೆಸರಿನ ಫಲಕದ ಅರ್ಧ: ಚೆನೆರೆ ಓಣಿ. ಬಂದರಿನ ಹತ್ತಿರದ್ದು. ನಿನ್ನೆಯೇ ಆ ಮೂವತ್ತೊಂದಕ್ಕೆ ಹೋಗಿದ್ದೆವು. ನಾಲ್ಕು ಮಹಡಿ ಹತ್ತಿ, ಹಲ್ಲಿನ ಡಾಕ್ಟರೊಬ್ಬರ ಹೆಂಡತಿಯ ಬಾಯಲ್ಲಿ ಅವರ ಮೂರು ಸತ್ತ ನಾಯಿಗಳ ಚರಿತ್ರೆ ಕೇಳಿ, ಸಪ್ಪೆ ಕಾಫಿ ಕುಡಿದು ಇಳಿದು ಬಂದಿದ್ದೆವು.

"ಫಲಕದ ಮೇಲಿನ ಅಕ್ಷರ ಯಾವ ಬಣ್ಣ?" ತುಲ್ಲಿಯೊ ಕೇಳಿದ.

"ಕಪ್ಪು. ಕಾಣ್ತಿಲ್ವಾ?"

"ಅಂಕಿ?"

"ಅದೂ ಕಪ್ಪೇ..." ಎಂದವಳು ನಿಲ್ಲಿಸಿದೆ. ಅಕ್ಷರ ಕಪ್ಪಾಗಿತ್ತು. ಅಂಕಿ ಬೂದು ಬಣ್ಣಕ್ಕಿತ್ತು. ಒಂದೇ ಬಿಸಿಲು, ಒಂದೇ ಕಲ್ಲು, ಒಂದೇ ಚಿತ್ರ.

"ಕಪ್ಪು ಬಣ್ಣ ಈ ಫಿಲ್ಮಲ್ಲಿ ಕಪ್ಪಾಗೇ ಬೀಳುತ್ತೆ," ಎಂದ ತುಲ್ಲಿಯೊ, ಶಾಲೆ ಮಾಸ್ತರರ ಗತ್ತಿನಲ್ಲಿ. "ಬೂದು ಬಿದ್ದಿದೆ ಅಂದ್ರೆ?"

ನನ್ನ ಕಿವಿ ಬಿಸಿಯಾಯಿತು. "ಕೆಂಪು," ಎಂದೆ.

ನಮ್ಮೂರಿನಲ್ಲಿ ಒಂದೇ ಓಣಿಗೆ ಎರಡು ಸಾಲು ಅಂಕಿ. ಮನೆಗಳಿಗೆ ಕಪ್ಪು, ಅಂಗಡಿಗಳಿಗೆ ಕೆಂಪು. ಕಪ್ಪು ಮೂವತ್ತೊಂದು ಒಂದು ಕಡೆ ಇದ್ದರೆ ಕೆಂಪು ಮೂವತ್ತೊಂದು ಇನ್ನೆಲ್ಲೋ ಇರುತ್ತದೆ. ಇಪ್ಪತ್ತೆರಡು ವರ್ಷ ಅಂಗಡಿಯವರ ಜೊತೆ ಜಗಳವಾಡುತ್ತಾ ಕೆಂಪು ಅಂಕಿಗಳನ್ನು ಬರೆದುಕೊಂಡವಳು ನಾನು! ಆದರೂ ಕಾಲು ನೆಟ್ಟಗೆ ಕಪ್ಪಿಗೆ ಹೋಯಿತು. ಯಾಕೆಂದರೆ ನಾವು ಹುಡುಕುತ್ತಿದ್ದುದು ಒಬ್ಬ ಮನುಷ್ಯನ ಮನೆಯನ್ನು. ಕೆಂಪು ಅಂಕಿಯ ಬಾಗಿಲಲ್ಲಿ ಯಾರೂ ಮಲಗಿ ಏಳುವುದಿಲ್ಲ ಎಂದು ಇಲ್ಲಿ ಹುಟ್ಟಿದವರೆಲ್ಲರ ತಲೆಯಲ್ಲೂ ಕೂತುಬಿಟ್ಟಿರುತ್ತದೆ.

"ನಿನ್ನೆ ನೀನೇ ಹೇಳಿದ್ದೆ," ಎಂದ ತುಲ್ಲಿಯೊ. "ಹನ್ನೆರಡು ಚಿತ್ರದಲ್ಲಿ ಒಂದು ಮೆಟ್ಟಿಲೂ ಇಲ್ಲ ಅಂತ. ಈ ಊರಲ್ಲಿ ಮೆಟ್ಟಿಲು ತಪ್ಪಿಸ್ಕೊಂಡು ನಡೀಬೇಕು ಅಂದ್ರೆ ಬೇಕು ಅಂತಲೇ ಸುತ್ತಬೇಕು. ಅಂಥವನು ನಾಲ್ಕನೇ ಮಹಡೀಲಿ ಹೇಗೆ ಇರ್ತಾನೆ?"

"ನಿನ್ನೇನೇ ಹೇಳೋಕೇನಾಗಿತ್ತು ನಿಂಗೆ?"

"ನಿನ್ನೆ ಆ ಯಮ್ಮನ ನಾಯಿ ಕಥೇಲಿ ಮುಳುಗಿದ್ದೆ. ಎರಡನೇ ನಾಯಿ ಪಾಪ, ಕಣ್ಣಲ್ಲಿ ನೀರು ಬಂತು."

ನಾನು ಕೋಟು ತಗುಲಿಸಿಕೊಂಡೆ. ತುಲ್ಲಿಯೊ ಆ ಹಳೇ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡ. ಎದೆಯ ಮೇಲೆ ಇಟ್ಟುಕೊಂಡು, ತಲೆ ತಗ್ಗಿಸಿ ಒಳಗೆ ನೋಡಿ ಚಿತ್ರ ತೆಗೆಯುವಂಥದ್ದು ಅದು.

ಇನ್ನೇನಾದರೂ ಕಣ್ಣು ತಪ್ಪಿಸಿಕೊಂಡಿದೆಯೇ ಎಂದು ಕೊನೆಯ ಚಿತ್ರದಿಂದ ಮೊದಲನೆಯದಕ್ಕೆ, ಹಿಂದುಹಿಂದಕ್ಕೆ ನಡೆದೆವು. ಹನ್ನೆರಡನೆಯದು ನಮ್ಮದೇ ಗೂಡು, ಒಳಗೆ ಮರಿಯಮ್ಮ ಇನ್ನೂ ನಿಂತಿದ್ದಾಳೆ. ಹನ್ನೊಂದು, ಔಷಧಿ ಅಂಗಡಿಯ ಹಳೇ ಬಾಗಿಲು. ಹತ್ತು, ಅಂಗಿ ಒಣಹಾಕಿದ ಕಿಟಕಿಯ ಬಾಗಿಲುಗಳು. ಚಿತ್ರ ಕೈಯಲ್ಲಿ ಹಿಡಿದು, ಅದನ್ನು ತೆಗೆದವನು ನಿಂತ ಜಾಗದಲ್ಲೇ ನಿಂತು, ಅವನು ನೋಡಿದ್ದನ್ನೇ ನೋಡಿ, ಮುಂದಿನದಕ್ಕೆ ಹೋಗುವುದು. ಹುಟ್ಟಿ ಬೆಳೆದ ಓಣಿಗಳು ನನಗೆ ಬೇರೆ ಯಾರದೋ ಊರಿನಂತೆ ಕಂಡವು. ಎಷ್ಟು ಸಲ ಓಡಾಡಿದ್ದೇನೆ ಇಲ್ಲಿ! ಯಾರ ಗಾಡಿ ಅಡ್ಡ ನಿಂತಿದೆ, ಯಾರ ತರಕಾರಿ ಬುಟ್ಟಿ ದಾರಿಗೆ ಬಂದಿದೆ, ಇಷ್ಟೇ ನೋಡಿದ್ದು.

ಬಾಂಕಿ ಚೌಕದಲ್ಲಿ ತುಲ್ಲಿಯೊ ಎಣ್ಣೆ ಸವರಿದ ಫೊಕಾಚ್ಚಾ ರೊಟ್ಟಿಯ ಒಂದು ತುಂಡು ಕೊಂಡು, ಅರ್ಧ ಮುರಿದು ನನಗೆ ಕೊಟ್ಟ. ಎಣ್ಣೆಗೈಯಲ್ಲಿ ಚಿತ್ರ ಮುಟ್ಟಬೇಡ ಎಂದು ಬೈದೆ. ಅಲ್ಲಿಯೇ ನನಗೆ ಹೊಳೆದದ್ದು.

"ತುಲ್ಲಿಯೊ, ಮೊದಲನೇ ಚಿತ್ರ ಬಿಟ್ರೆ ಇವನು ಕಲ್ಲಿನ ಕಡೆ ತಿರುಗಿಯೂ ನೋಡಿಲ್ಲ. ಎಷ್ಟು ಒಳ್ಳೊಳ್ಳೆ ಕಲ್ಲಿನ ಕಮಾನಿದೆ, ಕೆತ್ತನೆ ಇದೆ. ಒಂದೂ ಇಲ್ಲ."

"ಮತ್ತೆ?"

"ಬಾಗಿಲು. ಕಿಟಕಿ ಬಾಗಿಲು. ಇಲ್ಲಿ ಬೆಂಚು. ಇಲ್ಲಿ ಮೀನಿನ ಕಟ್ಟೆಯ ಹಲಗೆ. ಬರೀ ಮರ."

ತುಲ್ಲಿಯೊ ಅಗಿಯುವುದನ್ನು ನಿಲ್ಲಿಸಿದ. "ಹನ್ನೆರಡನೇದು ತೋರಿಸು."

ಬಿಸಿಲಿಗೆ ಹಿಡಿದು ನೋಡಿದೆವು. ಮರಿಯಮ್ಮನ ಪಾದದ ಸುತ್ತ ನುಣ್ಣನೆಯ ಬಿಳಿ ಪುಡಿ ಚೆಲ್ಲಿತ್ತು. ನಾನು ಧೂಳು ಅಂದುಕೊಂಡಿದ್ದೆ. ಹುಳ ಕೊರೆದ ಮರದ ಪುಡಿ ಅದು.

"ಮರ ಹುಳ ಹಿಡಿದಿತ್ತು," ಎಂದ ತುಲ್ಲಿಯೊ ಮೆಲ್ಲಗೆ. "ಅವನು ಅದನ್ನ ನೋಡಿದ. ಆಮೇಲೆ ತಗೊಂಡು ಹೋದ."

ಸೊತ್ತೊರೀಪಾದ ಕಮಾನುಗಳ ಕೆಳಗೆ ಹುರಿದ ಮೀನಿನ ವಾಸನೆಯನ್ನು ದಾಟಿ ಚೆನೆರೆ ಓಣಿಗೆ ತಿರುಗಿದೆವು. ಈ ಸಲ ನಾನು ಕೆಂಪು ಅಂಕಿಗಳನ್ನು ಎಣಿಸುತ್ತಾ ಹೋದೆ. ಇಪ್ಪತ್ತೇಳು, ಚಪ್ಪಲಿ ರಿಪೇರಿ. ಇಪ್ಪತ್ತೊಂಬತ್ತು, ಮುಚ್ಚಿದೆ. ಮೂವತ್ತೊಂದು ಹಿಂದೆ ಹಗ್ಗದ ಅಂಗಡಿಯಾಗಿತ್ತು, ಅರ್ಧ ಎಳೆದ ಶಟರು. ಚೌಕಟ್ಟಿನ ಅಮೃತಶಿಲೆಯ ಅಂಚಿನಲ್ಲಿ ಚಿತ್ರದಲ್ಲಿದ್ದ ಅದೇ ಸೀಳು. ಒಳಗಿನಿಂದ ಗೋಂದಿನ ವಾಸನೆ ಬರುತ್ತಿತ್ತು.

ಶಟರು ತಟ್ಟಿದೆ.

"ತೆಗೆದಿದೆ. ಬಗ್ಗಿ ಬನ್ನಿ," ಎಂದಿತು ಒಳಗಿನ ದನಿ.

ಒಂದು ಮಂಚ, ಒಂದು ಒಲೆ, ಗೋಡೆಯ ತುಂಬಾ ಉಳಿ, ಗರಗಸ. ಕೆಲಸದ ಮೇಜಿನ ಮೇಲೆ, ಮಡಿಸಿದ ಟವೆಲ್ಲಿನ ಮೇಲೆ ನಮ್ಮ ಮರಿಯಮ್ಮ ಮಲಗಿದ್ದಳು. ಪಕ್ಕದಲ್ಲಿ ಕೂತಿದ್ದವನಿಗೆ ಅರವತ್ತೈದರ ಆಸುಪಾಸು. ಬಲಗಾಲು ಮೊಣಕಾಲಿಗೇ ಮುಗಿದಿತ್ತು, ಪ್ಯಾಂಟನ್ನು ಮಡಿಸಿ ಪಿನ್ನು ಹಾಕಿದ್ದ. ಗೋಡೆಗೆ ಊರುಗೋಲು ಒರಗಿಸಿತ್ತು.

ಅವನು ಮೊದಲು ನೋಡಿದ್ದು ನಮ್ಮನ್ನಲ್ಲ, ತುಲ್ಲಿಯೊನ ಎದೆಯ ಮೇಲಿದ್ದ ಕ್ಯಾಮೆರಾವನ್ನು.

"ಅದನ್ನ ಯಾಕೆ ತಂದ್ರಿ? ಗೂಡು ಖಾಲಿ ಆಯ್ತಲ್ಲ," ಎಂದ. "ಖಾಲಿ ಬಿಡಬಾರದು ಅಂತಲೇ ಇಟ್ಟಿದ್ದೆ. ನನ್ನ ಹತ್ರ ಇದ್ದ ಒಳ್ಳೇ ವಸ್ತು ಅದೊಂದೇ."

ನನಗೆ ಸಿಟ್ಟು ನೆತ್ತಿಗೇರಿತು. "ಭಾರೀ ಭಕ್ತಿ ಕಣಯ್ಯ ನಿಂದು! ಕೇಳದೆ ಹೇಳದೆ ಎತ್ಕೊಂಡು ಬಂದೆ, ಅಲ್ಲಿ ಒಬ್ಬಳು ಹೆಂಗಸು ಒಂದು ವಾರದಿಂದ ಕಳ್ಳಿ ಅನ್ನಿಸ್ಕೊಳ್ತಿದ್ದಾಳೆ. ಬ್ರೆಡ್ ತರೋಕೂ ಹೊರಗೆ ಬರ್ತಿಲ್ಲ. ಇವತ್ತು ಆರು ಗಂಟೆಗೆ ಅವಳ ಕೈಯಿಂದ ದೀಪ ಕಿತ್ಕೊಳ್ತಾರೆ. ಗೊತ್ತಾ ನಿಂಗೆ?"

ಅವನು ಊರುಗೋಲಿಗೆ ಕೈ ಚಾಚಿದ.

"ಯಾರನ್ನ?" ಎಂದ. "ನೀವೆಸ್‌ನ?"

ಆ ಹೆಸರನ್ನು ಅವನು ಹೇಳಿದ ರೀತಿಗೆ ನನ್ನ ಸಿಟ್ಟು ಅರ್ಧ ದಾರಿಯಲ್ಲೇ ನಿಂತಿತು.

"ನಿಮ್ಮ ಹೆಸರೇನು?" ಎಂದೆ. ನೀನು ಹೋಗಿ ನೀವು ಯಾವಾಗ ಆಯಿತೋ ನನಗೇ ತಿಳಿಯಲಿಲ್ಲ.

"ಪಿತ್ತಾಲೂಗಾ. ಅಮೆದೇಯೊ ಪಿತ್ತಾಲೂಗಾ."

ತುಲ್ಲಿಯೊ ಪಕ್ಕದಲ್ಲಿದ್ದ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟ. ಅರ್ಜೆಂಟೀನಾ ಹಡಗು ಹತ್ತಿದ ಹುಡುಗನ ಹೆಸರು ಅದು. ನಮ್ಮ ಓಣಿಯಲ್ಲಿ ಅದನ್ನು ಗೊತ್ತಿಲ್ಲದವರಿಲ್ಲ.

"ನೀವು ಹೋಗೇ ಇಲ್ಲ," ಎಂದೆ.

"ಎಲ್ಲಿಗೆ ಹೋಗ್ಲಿ? ಹಡಗುಕಟ್ಟೆಯಲ್ಲಿ ಬಡಗಿ ಆಗಿದ್ದೆ. ಮದುವೆಗೆ ಮೂರು ವಾರ ಇತ್ತು. ತೊಲೆ ಉರುಳಿ ಕಾಲ ಮೇಲೆ ಬಿತ್ತು." ಅವನು ಮರಿಯಮ್ಮನ ಮೇಲಿನ ಒಂದು ಎಳೆ ಹೊಟ್ಟನ್ನು ಬೆರಳಲ್ಲಿ ತೆಗೆದ. "ಆಸ್ಪತ್ರೆಯಿಂದ ಗೆಳೆಯನ ಕೈಲಿ ಹೇಳಿ ಕಳಿಸಿದೆ, ಹಡಗು ಹತ್ತಿ ಹೋದ ಅಂತ ಹೇಳಿಬಿಡು ಅಂತ. ಅವಳ ಮನೆ ಐದನೇ ಮಹಡಿ. ಇಪ್ಪತ್ತೆರಡು ವರ್ಷದ ಹುಡುಗಿ. ಒಂದು ವರ್ಷ ಅಳ್ತಾಳೆ, ಆಮೇಲೆ ಯಾರನ್ನಾದ್ರೂ ಎರಡು ಕಾಲಿರೋನನ್ನ ಮದುವೆ ಆಗ್ತಾಳೆ ಅಂದ್ಕೊಂಡೆ."

"ಆಗಲಿಲ್ಲ."

"ನಂಗೆ ಗೊತ್ತಿರಲಿಲ್ಲ, ಸಿನ್ಯೋರಾ. ಸವೋನಾದಲ್ಲಿ ಅಕ್ಕನ ಮನೇಲಿದ್ದೆ. ಅಕ್ಕ ತೀರಿಕೊಂಡ್ಮೇಲೆ, ಎರಡು ವರ್ಷ ಆಯ್ತು, ಇಲ್ಲಿಗೆ ಬಂದೆ. ಮೆಟ್ಟಿಲಿಲ್ಲದ ಜಾಗ ಇದೊಂದೇ ಸಿಕ್ತು. ಒಂದು ದಿನ ಹಾಗೇ ನಡ್ಕೊಂಡು ಆ ಮೂಲೆಗೆ ಹೋದೆ. ಗೂಡಿನಲ್ಲಿ ಎಣ್ಣೆದೀಪ. ಮೀನು ಮಾರೋಳನ್ನ ಕೇಳಿದೆ, ಈಗಿನ ಕಾಲದಲ್ಲಿ ಎಣ್ಣೆದೀಪ ಯಾರಮ್ಮ ಹಚ್ಚೋದು ಅಂತ. ಅವಳು ಕಥೆಯೆಲ್ಲ ಹೇಳಿದ್ಲು. ನನ್ನ ಕಥೆ ನನಗೇ." ಅವನು ತೋಳಿನಿಂದ ಮುಖ ಒರೆಸಿಕೊಂಡ. ನಾನೂ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

"ಅಂದಿನಿಂದ ಪ್ರತಿ ಗುರುವಾರ ಹೋಗ್ತೀನಿ," ಎಂದ. "ಗುರುವಾರ ಮಧ್ಯಾಹ್ನ ಅವಳ ಅಂಗಡಿ ಮುಚ್ಚಿರುತ್ತೆ. ಅವಳ ಕಣ್ಣಿಗೆ ಬೀಳಬಾರದು. ದಾರೀಲಿ ಒಂದೊಂದು ಫೋಟೋ ತೆಗೀತೀನಿ, ಯಾರಾದ್ರೂ ನೋಡಿದ್ರೆ ಯಾವನೋ ಮುದುಕ ಹವ್ಯಾಸಕ್ಕೆ ಓಡಾಡ್ತಾನೆ ಅಂದ್ಕೊಳ್ಳಲಿ ಅಂತ. ಹೋದ ವಾರ ನೋಡಿದ್ರೆ ಮೂರ್ತಿಯ ಬುಡ ಪೂರ್ತಿ ಹುಳ ತಿಂದಿತ್ತು. ಇನ್ನೊಂದು ಚಳಿಗಾಲಕ್ಕೆ ಮುರಿದು ಬೀಳ್ತಿತ್ತು. ಅವಳ ದೀಪದ ಮೇಲೇ ಬೀಳ್ತಿತ್ತು. ಚೀಲಕ್ಕೆ ಹಾಕ್ಕೊಂಡು ಬಂದೆ. ಇವತ್ತು ಬೆಳಿಗ್ಗೆ ಗೋಂದು ಒಣಗಿತು, ಈಗ ಇಡೋಕೆ ಹೊರಟಿದ್ದೆ. ಅವಳ ಮೇಲೆ ಬರುತ್ತೆ ಅಂತ ದೇವರಾಣೆ ಗೊತ್ತಿರಲಿಲ್ಲ."

"ಹಾಗಿದ್ರೆ ಎದ್ದೇಳಿ. ಸಭೆಗೆ ಬಂದು ಇದನ್ನೇ ಹೇಳಿ."

"ಇಲ್ಲ."

"ಇಲ್ಲ ಅಂದ್ರೆ?"

"ಅವಳು ದೀಪ ಹಚ್ಚಿದ್ದು ಹಡಗು ಹತ್ತಿ ಹೋದ ಹುಡುಗನಿಗೆ. ಅವನು ಇಲ್ಲಿ ಮಂಚದ ಮೇಲೆ ಕೂತಿದ್ದಾನೆ ಅಂತ ಹೇಗೆ ಹೇಳಲಿ? ನಲವತ್ತೊಂದು ವರ್ಷ ಅವಳಿಗೆ ಮೋಸ ಮಾಡ್ದೆ ಅಂತ ಊರವರೆದುರು ಹೇಳಲಾ?" ಅವನು ಮೂರ್ತಿಯನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿತ್ತ. "ರಸ್ತೇಲಿ ಸಿಕ್ತು ಅನ್ನಿ, ಏನಾದ್ರೂ ಅನ್ನಿ. ನನ್ನ ಹೆಸರು ಬಂದ್ರೆ ನಾಳೆ ಬೆಳಿಗ್ಗೆ ಸವೋನಾ ರೈಲು ಹತ್ತುತೀನಿ. ಆಮೇಲೆ ಯಾರಿಗೂ ಸಿಗಲ್ಲ."

ನಾನು ಮಾತು ಕೊಡಲಿಲ್ಲ.

ವಾಪಸು ಬರುವಾಗ ಬಾಂಕಿ ಚೌಕದಲ್ಲಿ ತುಲ್ಲಿಯೊ ನನ್ನನ್ನು ತಡೆದು ನಿಲ್ಲಿಸಿದ.

"ಹೇಳ್ತೀಯಾ?" ಎಂದ.

"ಹೇಳದೆ? ರಸ್ತೇಲಿ ಸಿಕ್ತು ಅಂದ್ರೆ ಇನೆಸ್ ನಂಬ್ತಾಳಾ? ನೀವೆಸ್ಸೇ ವಾಪಸ್ ಇಡಿಸಿದಳು ಅಂತಾಳೆ. ಅವನ ಮಾನ ಉಳಿಸೋಕೆ ಇವಳದ್ದು ಹೋಗಬೇಕಾ?"

"ಅವನು ರೈಲು ಹತ್ತಿದ್ರೆ?"

"ಹತ್ತಲಿ!" ಎಂದೆ. ಹೇಳಿದ ಮರುಕ್ಷಣವೇ ಟವೆಲ್ಲಿನ ಗಂಟನ್ನು ಎದೆಗೆ ಅವುಚಿಕೊಂಡೆ.

ಆರು ಗಂಟೆಗೆ ಕೋಣೆ ತುಂಬಿತ್ತು. ಪಾದ್ರಿ ದೋನ್ ಎತ್ತೊರೆ ಮೇಜಿನ ಹಿಂದೆ, ಇನೆಸ್ ಮೊದಲ ಸಾಲಿನಲ್ಲಿ, ನೀವೆಸ್ ಬೂದು ಕೋಟಿನಲ್ಲಿ ಕೊನೆಯ ಕುರ್ಚಿಯಲ್ಲಿ. ಅವಳ ಮಡಿಲಲ್ಲಿ ದೀಪಕ್ಕೆ ಎಣ್ಣೆ ಹಾಕುವ ತಗಡಿನ ಹೂಜಿ. ಉಜ್ಜಿ ಉಜ್ಜಿ ಬೆಳಗಿಸಿ ತಂದಿದ್ದಳು. ಒಪ್ಪಿಸಬೇಕಾಗಿ ಬಂದರೆ ಕೊಳಕಾಗಿ ಒಪ್ಪಿಸುವುದು ಬೇಡವೆಂದು.

ನಾನು ಟವೆಲ್ ಬಿಚ್ಚಿ ಮರಿಯಮ್ಮನನ್ನು ಮೇಜಿನ ಮೇಲೆ ನಿಲ್ಲಿಸಿದೆ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಯಾರೋ ಅತ್ತರು. ಇನೆಸ್ ಕೂಡ ಶಿಲುಬೆ ಗುರುತು ಹಾಕಿಕೊಂಡಳು.

ನೀವೆಸ್ ಮೆಲ್ಲಗೆ ಮುಂದೆ ಬಂದಳು. ಮೂರ್ತಿಯನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ, ಬುಡ ನೋಡಿದಳು. ಹುಳ ತಿಂದ ಭಾಗ ತೆಗೆದು, ಹೊಸ ಮರ ಕೂಡಿಸಿ, ನಾಲ್ಕು ಪುಟ್ಟ ಮರದ ಕೀಲು ಹೊಡೆದಿತ್ತು. ಅವಳ ಹೆಬ್ಬೆರಳು ಆ ಕೀಲುಗಳ ಮೇಲೆ ಒಂದೊಂದಾಗಿ ಹೋಯಿತು. ನಾಲ್ಕನೆಯದರ ಮೇಲೆ ನಿಂತಿತು.

"ದೆಲ್ಫೀನಾ," ಎಂದರು ದೋನ್ ಎತ್ತೊರೆ, "ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ. ಯಾರ ಹತ್ರ ಇತ್ತು? ಯಾರು ತಗೊಂಡಿದ್ದು?"

ನಾನು ಎದ್ದು ನಿಂತೆ. ಎಲ್ಲರ ಕಣ್ಣು ನನ್ನ ಮೇಲೆ. ಹೆಸರು ನಾಲಿಗೆಯ ತುದಿಯಲ್ಲಿತ್ತು.

"ನಾನೇ," ಎಂದಳು ನೀವೆಸ್.

ಇನೆಸ್ ಕುರ್ಚಿಯಿಂದ ಅರ್ಧ ಎದ್ದಳು.

"ನಾನೇ ತಗೊಂಡಿದ್ದು. ಹುಳ ಹಿಡಿದಿತ್ತು. ಗುರುವಾರ ರಿಪೇರಿಗೆ ಕೊಟ್ಟೆ. ನಿಮ್ಮನ್ನ ಯಾರನ್ನೂ ಕೇಳಲಿಲ್ಲ. ತಪ್ಪಾಯ್ತು."

"ಅಂದ್ರೆ ಒಂದು ವಾರ ನಮ್ಮ ಮುಂದೆ ಸುಳ್ಳು ಹೇಳಿದ್ದಾ?" ಇನೆಸ್ ದನಿ ಏರಿತು. "ಆ ಕ್ಯಾಮೆರಾ?"

"ಹಳೇದು. ಗೂಡು ಖಾಲಿ ಇರಬಾರದು ಅಂತ ಇಟ್ಟೆ."

ನಾನು ಬಾಯಿ ತೆರೆದೆ. ನೀವೆಸ್ ತಿರುಗಿ ನನ್ನನ್ನು ನೋಡಿದಳು. ಅರವತ್ಮೂರು ವರ್ಷದ ಆ ಹೆಂಗಸಿನ ಕಣ್ಣಲ್ಲಿ ಅಂಥ ಬೇಡಿಕೆಯನ್ನು ನಾನು ಯಾವತ್ತೂ ಕಂಡಿರಲಿಲ್ಲ. ತುಲ್ಲಿಯೊ ನನ್ನ ಕೋಟಿನ ತೋಳು ಎಳೆದ. ಕುಳಿತುಕೊಂಡೆ.

ದೋನ್ ಎತ್ತೊರೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂರ್ತಿ ಇಡೀ ಓಣಿಯದು, ಬಚ್ಚಿಟ್ಟವರ ಕೈಯಲ್ಲಿ ದೀಪ ಬಿಡಲು ಆಗುವುದಿಲ್ಲ, ಕ್ಷಮಿಸು ಮಗಳೇ ಎಂದರು. ನೀವೆಸ್ ಹೂಜಿಯನ್ನು ಮೇಜಿನ ಮೇಲೆ ಇಟ್ಟಳು. ಅದನ್ನು ಎತ್ತಿಕೊಳ್ಳಲು ಬಂದ ಇನೆಸ್ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಹೂಜಿಯನ್ನು ಹೇಗೆ ಹಿಡಿಯಬೇಕೆಂದೂ ಅವಳಿಗೆ ತಿಳಿಯಲಿಲ್ಲ, ನೀವೆಸ್ಸೇ ತೋರಿಸಿಕೊಟ್ಟಳು.

ಹೊರಗೆ ಬಂದ ಮೇಲೆ ನನ್ನ ಕೈಲಿ ತಡೆದುಕೊಳ್ಳಲಾಗಲಿಲ್ಲ.

"ನಿಂಗೆ ತಲೆ ಕೆಟ್ಟಿದೆಯೇನೇ? ಒಂದು ವಾರ ಕಾಲು ಸವೆಸಿದ್ದು ಇದಕ್ಕಾ? ಒಂದೇ ಒಂದು ಮಾತು, ನಾನು ಒಂದು ಹೆಸರು ಹೇಳಿದ್ರೆ ನಿನ್ನ ದೀಪ ನಿಂದೇ ಆಗಿರ್ತಿತ್ತು!"

"ಕೂಗಬೇಡ್ವೇ. ಕೇಳಿಸ್ಕೊಳ್ತಾರೆ."

"ಕೇಳಿಸ್ಕೊಳ್ಳಲಿ! ಯಾರು ತಗೊಂಡಿದ್ದು ಅಂತ ತಿಳ್ಕೊಳ್ಳೋದಾದ್ರೂ ಬೇಡ್ವಾ ನಿಂಗೆ?"

ನೀವೆಸ್ ತಲೆಗೆ ಸ್ಕಾರ್ಫು ಕಟ್ಟಿಕೊಂಡಳು. ಗಂಟು ಸರಿಯಾಗಿ ಬೀಳದೆ ಬಿಚ್ಚಿ ಮತ್ತೆ ಕಟ್ಟಿದಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಖಾಲಿ ಕೈಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟು ನನ್ನ ಹತ್ತಿರ ಸರಿದಳು.

"ಅವನ ಊರುಗೋಲಿನ ತುದಿಯ ರಬ್ಬರು ಪೂರ್ತಿ ಸವೆದಿದೆ, ದೆಲ್ಫೀನಾ," ಎಂದಳು ಮೆಲ್ಲಗೆ. "ಹೊಸದು ಹಾಕಿಸ್ಕೊಳ್ಳೋಕೆ ಹೇಳು. ಬಾಂಕಿ ಹತ್ರ ಕಲ್ಲು ಯಾವಾಗಲೂ ಒದ್ದೆ. ಹೋದ ತಿಂಗಳು ಎರಡು ಗುರುವಾರ ಜಾರಿದ, ಹಿಡ್ಕೊಳ್ಳೋಕೆ ಓಡಬೇಕು ಅನ್ನಿಸ್ತು."

ಊರುಗೋಲಿನ ಮಾತನ್ನು ನಾನು ಇನ್ನೂ ಯಾರ ಮುಂದೆಯೂ ಎತ್ತಿರಲಿಲ್ಲ.